ಪೊರಕೆಯಿಂದ ಬಾವಲಿ ಬದುಕಿಸುವ ಕಚೇರಿಗೆ

ಗುಡ್ಡಸಾಲಿನ ಮೇಲೆ ಅಡ್ಡಾಡುವ ಸಮಸ್ತ ಗಾಳಿಯ ಏಕಮೇವ ಒಡೆಯರೂ, ಮಂದಮಾರುತ ಬಿರುಗಾಳಿ ಸುಂಟರಗಾಳಿಗಳಿಂದ ಪ್ರತಿದಿನ ಹಾಜರಿ ಹಾಕಿಸಿಕೊಳ್ಳುವವರೂ, ಮುಗಿಲಿಗೆ ಮೊಳೆ ಹೊಡೆದಂತೆ ಕಂಬ ನೆಟ್ಟವರೂ, ಕಂಬದ ಮೇಲಿನ ಮೂರು ರೆಕ್ಕೆಗಳ ಹೊರತು ಜಗತ್ತಿನ ಬೇರಾವ ರೆಕ್ಕೆಯತ್ತಲೂ ಕಣ್ಣು ಹಾಯಿಸದ ಏಕಾಗ್ರಚಿತ್ತರೂ, ವರದಿಯಿಂದ ವರದಿಗೆ ಸೊನ್ನೆಯನ್ನು ಚಾಚೂ ತಪ್ಪದೆ ಕಾಪಾಡಿಕೊಂಡು ಬಂದ ಮಹಾಗಣಿತಜ್ಞರೂ ಆದ ಗಾಳಿ ವಿದ್ಯುತ್ ಮಂಡಳಿಯ ಮಾನ್ಯ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ, ಬ್ಯಾನರ್ ಅಂಗಡಿಯಲ್ಲಿ ಅಕ್ಷರ ಜೋಡಿಸುವವನೊಬ್ಬ ಉದ್ದುದ್ದ ಅಡ್ಡಬಿದ್ದು, ಬಿದ್ದಲ್ಲಿಂದಲೇ ಬರೆದುಕೊಳ್ಳುವ ಪತ್ರ.

ಬಿರುದುಗಳು ಕಡಿಮೆಯಾಗಿದ್ದರೆ ಮನ್ನಿಸಬೇಕು. ನಮ್ಮ ಅಂಗಡಿಯಲ್ಲಿ ಇದಕ್ಕಿಂತ ದೊಡ್ಡವು ದಿನಾ ಮುದ್ರಣವಾಗಿ ಹೋಗುತ್ತವೆ. ಜಾಗ ಸಾಲದೆ ನಾಲ್ಕೈದನ್ನು ಕೈಬಿಟ್ಟಿದ್ದೇನೆ.

ಮಾನ್ಯರೇ, ನನ್ನ ದೂರು ಇಷ್ಟೇ. ತಮ್ಮ ಗಾಳಿಯಂತ್ರಗಳ ಬುಡದಲ್ಲಿ ಸತ್ತು ಬಿದ್ದ ಬಾವಲಿಗಳನ್ನು ಗುಡಿಸದೆ ಬಿಟ್ಟಳೆಂದು ನನ್ನ ಚಿಕ್ಕಮ್ಮನನ್ನು ಕೆಲಸದಿಂದ ತೆಗೆಯಲು ಹೊರಟಿದ್ದೀರಿ. ಆ ಬಾವಲಿಗಳು ಸತ್ತದ್ದೇಕೆಂದು ಕೇಳಲು ಮಾತ್ರ ಯಾರೂ ಹೊರಟಿಲ್ಲ. ಅವಳಿಗೆ ಬಂದ ನೋಟೀಸಿನ ಒಂದು ಸಾಲನ್ನು ನಾನು ಬಾಯಿಪಾಠ ಮಾಡಿದ್ದೇನೆ, ಏಕೆಂದರೆ ಇಂಥ ಸಾಲು ನನ್ನ ಕೈಯಲ್ಲಿ ಈ ಜನ್ಮಕ್ಕೆ ಆಗದು: "ಸ್ವಚ್ಛತಾ ಕಾರ್ಯದಲ್ಲಿನ ಸದರಿಯವರ ನಿರ್ಲಕ್ಷ್ಯದ ಪರಿಣಾಮವಾಗಿ ಕ್ಷೇತ್ರದಲ್ಲಿ ಬಾವಲಿಗಳ ಸಾವಿನ ಪ್ರಮಾಣವು ಏಕಾಏಕಿ ಹೆಚ್ಚಿರುತ್ತದೆ." ಅಂದರೆ, ಗುಡಿಸಿದರೆ ಬಾವಲಿ ಬದುಕುತ್ತದೆ, ಗುಡಿಸದಿದ್ದರೆ ಸಾಯುತ್ತದೆ. ಇಷ್ಟು ಸುಲಭದ ಸಂಜೀವಿನಿ ನಿಮ್ಮ ಉಗ್ರಾಣದ ಮೂಲೆಯಲ್ಲಿ ಪೊರಕೆಯ ರೂಪದಲ್ಲಿ ಬಿದ್ದಿರುವಾಗ ಆಸ್ಪತ್ರೆಗಳಿಗೇಕೆ ಇನ್ನೂ ವೈದ್ಯರನ್ನು ಇಟ್ಟುಕೊಂಡಿದ್ದಾರೆ? ವಾರ್ಡಿಗೊಬ್ಬಳು ಚಿಕ್ಕಮ್ಮ ಸಾಲದೆ?

ಈ ಪತ್ರ ಓದುವ ಇತರರಿಗಾಗಿ ನಡೆದದ್ದನ್ನು ಹೇಳಬೇಕು. ತಮಗೂ ಗೊತ್ತಿರಲಾರದು. ತಮಗೆ ಗೊತ್ತಿರುವುದು ವರದಿಯಲ್ಲಿ ಬಂದಷ್ಟೇ, ವರದಿಯಲ್ಲಿ ಬಂದದ್ದು ಸೊನ್ನೆ.

ನಮ್ಮ ಚಿಕ್ಕಮ್ಮ ಗುಡ್ಡದ ಮೇಲಿನ ಯಂತ್ರಗಳ ಬುಡ ಗುಡಿಸುವವಳು. ಅವಳ ಬಾಯಲ್ಲಿ ಅವು ಯಂತ್ರಗಳಲ್ಲ, 'ಫ್ಯಾನು'. ಒಂದೊಂದು ಫ್ಯಾನಿನ ಬುಡಕ್ಕೂ ಜಲ್ಲಿ ಹಾಸಿದ ಬಯಲು. ಬೆಳಿಗ್ಗೆ ಬೇಗ ಹೋಗಿ ಆ ಜಲ್ಲಿಯ ಮೇಲೆ ಬಿದ್ದ ಎಲೆ, ಕಡ್ಡಿ, ಪ್ಲಾಸ್ಟಿಕ್ಕು ಎಲ್ಲವನ್ನೂ ಬಳಿದು ಬುಟ್ಟಿಗೆ ತುಂಬಿ ಹೊಂಡಕ್ಕೆ ಸುರಿಯಬೇಕು. ಅವಳಿಗೆ ಮೊದಲ ದಿನವೇ ಸೂಪರ್‌ವೈಸರ್ ಹೇಳಿದ ಮಾತು ಒಂದೇ: "ಹತ್ತು ಗಂಟೆಗೆ ಮೇಲಿನವರು ನೋಡೋಕೆ ಬರ್ತಾರೆ. ಅವರ ಕಾಲಿಗೆ ಏನೂ ಸಿಗಬಾರದು." ಆ ಮೇಲಿನವರು ಯಾರು? ಯಂತ್ರಗಳ ಬುಡದಲ್ಲಿ ಸತ್ತ ಹಕ್ಕಿ ಬಾವಲಿಗಳನ್ನು ಎಣಿಸಲು ತಮ್ಮದೇ ಕಚೇರಿಯ ಪರಿಸರ ವಿಭಾಗ ನೇಮಿಸಿದವರು.

ಇನ್ನೊಮ್ಮೆ ಓದಿಕೊಳ್ಳಿ ಮಾನ್ಯರೇ, ನಾನೂ ಮೊದಲ ಸಲ ಕೇಳಿದಾಗ ಇನ್ನೊಮ್ಮೆ ಹೇಳಿಸಿಕೊಂಡೆ. ಸತ್ತದ್ದನ್ನು ಎಣಿಸುವವರು ಬರುತ್ತಾರೆಂದು, ಅವರಿಗೆ ಅಸಹ್ಯವಾಗಬಾರದೆಂದು, ಅವರು ಬರುವ ಮುಂಚೆ ಸತ್ತದ್ದನ್ನೆಲ್ಲ ಗುಡಿಸಿ ಎಸೆಯುವ ವ್ಯವಸ್ಥೆ! ಇದು ಪಿತೂರಿಯೆಂದು ನಾನು ಹೇಳುತ್ತಿಲ್ಲ. ಪಿತೂರಿಗೆ ಎರಡು ವಿಭಾಗಗಳು ಒಂದು ಕಡೆ ಕೂತು ಮಾತಾಡಬೇಕಾಗುತ್ತದೆ, ಅಷ್ಟು ಹೊಕ್ಕುಬಳಕೆ ನಿಮ್ಮ ಕಚೇರಿಯೊಳಗೆ ಇಲ್ಲವೆಂದು ಕೇಳಿದ್ದೇನೆ. ಇದು ಬರೀ ಮರ್ಯಾದೆ. ಮನೆಗೆ ಬರುವವರು ಬಂದಾಗ ಹಾಲ್ ಚೊಕ್ಕವಾಗಿರಲಿ ಎಂಬ ಸಂಸ್ಕಾರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎರಡೂ ಅಚ್ಚುಕಟ್ಟಾಗಿ ಎಳೆದಿವೆ. ಮಧ್ಯೆ ಹೂತುಹೋದದ್ದು ಬಾವಲಿಗಳು ಮಾತ್ರ.

ಈ ಅಚ್ಚುಕಟ್ಟು ಮುರಿದದ್ದು ಒಂದು ಬಸ್ಸಿನಿಂದ. ಅದು ಕೆಟ್ಟು ನಿಂತ ದಿನ ಚಿಕ್ಕಮ್ಮ ತಡವಾಗಿ ಗುಡ್ಡ ಹತ್ತಿದಳು. ಅವಳು ಇನ್ನೂ ಗುಡಿಸುತ್ತಿರುವಾಗಲೇ ಎಣಿಸುವ ಮೇಡಂ ಬಂದರು. ಕನ್ನಡಕ, ಬೂಟು, ಕೈಯಲ್ಲಿ ಅಳತೆಯ ಹಗ್ಗ. ಚಿಕ್ಕಮ್ಮ ನಮ್ಮ ಮನೆಯಲ್ಲಿ ಆ ಪ್ರಸಂಗವನ್ನು ಇಬ್ಬರ ದನಿಯಲ್ಲೂ ಆಡಿ ತೋರಿಸಿದ್ದಾಳೆ.

"ಅಕ್ಕಾ, ಬುಟ್ಟೀಲಿ ಏನಿದೆ?"

"ಕಸ ಕಣಮ್ಮಾ."

"ಎಂಥ ಕಸ?"

"ದಿನಾ ಬೀಳೋ ಕಸಾನೇ. ಎಲೆ, ಕಡ್ಡಿ, ಬಾವಲಿ. ಒಂದೊಂದ್ಸಲ ಹಕ್ಕಿ. ಮೊನ್ನೆ ಒಂದು ಗಿಡುಗ ಬಿದ್ದಿತ್ತು ನೋಡು, ಎರಡು ಸಲ ಹೊರಬೇಕಾಯ್ತು."

"ಅಷ್ಟು ದೊಡ್ಡದಾ?"

"ದೊಡ್ಡದೇನಲ್ಲ. ಎರಡಾಗಿತ್ತು."

ಮೇಡಂ ಜಲ್ಲಿಯ ಮೇಲೆ ಹಾಗೇ ಕೂತುಬಿಟ್ಟರಂತೆ. "ನಾನು ಇಲ್ಲಿಗೆ ಸೇರಿದಾಗಿಂದ ಏನೂ ಸಿಕ್ಕಿಲ್ಲ, ಏನೂ ಸಿಕ್ಕಿಲ್ಲ ಅಂತ ಬರೀತಾನೇ ಇದೀನಿ ಅಕ್ಕಾ."

"ಸಿಗಬಾರದು ಅಂತಾನೇ ಅಲ್ವೇನಮ್ಮಾ ನನ್ನ ಇಟ್ಕೊಂಡಿರೋದು?" ಎಂದಳು ಚಿಕ್ಕಮ್ಮ. ತನ್ನ ಕೆಲಸವನ್ನು ಯಾರೋ ಹೊಗಳುತ್ತಿದ್ದಾರೆಂದೇ ಅವಳು ತಿಳಿದಿದ್ದಳು.

ಅಂದಿನಿಂದ ಮೇಡಂ ಕೇಳಿಕೊಂಡರೆಂದು ಚಿಕ್ಕಮ್ಮ ಎಲೆ ಕಡ್ಡಿ ಗುಡಿಸುವುದು, ಸತ್ತ ಜೀವಗಳನ್ನು ಇದ್ದಲ್ಲೇ ಬಿಡುವುದು, ಮೇಡಂ ಬಂದು ಬರೆದುಕೊಂಡ ಮೇಲೆ ಎತ್ತುವುದು ಎಂದಾಯಿತು. ಪೊರಕೆಗಿಂತ ಮೊದಲೇ ನಾಯಿ, ನರಿ, ಕಾಗೆಗಳು ತಮ್ಮ ಪಾಲು ಎತ್ತಿಕೊಂಡಿರುತ್ತವಂತೆ. ಆದರೂ ಉಳಿದವು ಎಣಿಕೆಗೆ ಸಿಕ್ಕವು. ಸೊನ್ನೆಯ ಜಾಗದಲ್ಲಿ ಮೊದಲ ಬಾರಿಗೆ ಬೇರೆ ಅಂಕಿ ಬಂದು ಕೂತಿತು. ಆಮೇಲೊಂದು ದಿನ ದೊಡ್ಡ ಅತಿಥಿಗಳ ತಂಡವೊಂದು ಯಂತ್ರ ನೋಡಲು ಬಂದಾಗ ಅವರಲ್ಲೊಬ್ಬರ ಹೊಳೆಯುವ ಬೂಟಿನ ಕೆಳಗೆ ಒಂದು ಬಾವಲಿ ಸಿಕ್ಕಿತು. ಮರುದಿನ ಚಿಕ್ಕಮ್ಮನಿಗೆ ನೋಟೀಸು ಬಂತು.

ಅವಳೇನೂ ಬಾವಲಿಗಳ ಭಕ್ತೆಯಲ್ಲ. "ಬದುಕಿರೋದು ಎದುರಿಗೆ ಬಂದ್ರೆ ತಲೆ ಮುಚ್ಕೊಂಡು ಓಡ್ತೀನಿ ಕಣೋ. ಥೂ, ಅದರ ಮೂತಿ!" ಅನ್ನುತ್ತಾಳೆ. ಅವಳ ತಲೆಬಿಸಿ ಬೇರೆ. ನೋಟೀಸು ಬಂದ ದಿನ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಯಾರ ಮುಖವನ್ನೂ ನೋಡದೆ ಕೇಳಿದಳು: "ಇಷ್ಟು ದಿನ ಗುಡಿಸಿದ್ದು ತಪ್ಪಾ, ಈಗ ಗುಡಿಸದೇ ಇದ್ದಿದ್ದು ತಪ್ಪಾ? ಎರಡ್ರಲ್ಲಿ ಯಾವುದು ಅಂತ ಒಬ್ಬರಾದ್ರೂ ಬಾಯಿಬಿಟ್ಟು ಹೇಳ್ರಪ್ಪಾ. ತಪ್ಪು ಯಾವುದು ಅಂತ ಗೊತ್ತಾದ್ರೆ ತಿದ್ಕೋತೀನಿ." ಮಾನ್ಯರೇ, ಬಿರುದು ಬಾವಲಿಗಳನ್ನೆಲ್ಲ ಪಕ್ಕಕ್ಕಿಟ್ಟು ಕೇಳುತ್ತೇನೆ: ಈ ಒಂದು ಪ್ರಶ್ನೆಗೆ ತಮ್ಮ ಕಚೇರಿಯಲ್ಲಿ ಉತ್ತರವಿದೆಯೇ?

ಅದೇ ಸಂಜೆ ಮೇಡಂ ನಮ್ಮ ಮನೆಗೆ ಬಂದರು. "ನನ್ನಿಂದ ಆಗಿದ್ದು ಅಕ್ಕಾ" ಎಂದು ಬಾಗಿಲಲ್ಲೇ ನಿಂತರು. "ಒಳಗೆ ಬಾರಮ್ಮಾ. ನೀನೇನು ಫ್ಯಾನು ತಿರುಗಿಸಿದ್ಯಾ?" ಎಂದು ಚಿಕ್ಕಮ್ಮ ಕೈಗೆ ಟೀ ಲೋಟ ಕೊಟ್ಟಳು. ಆ ಒಂದು ಲೋಟ ಟೀ ಆರುವಷ್ಟರಲ್ಲಿ ನನಗೆ ಗೊತ್ತಾದದ್ದನ್ನು ತಮ್ಮ ಕಚೇರಿಗೆ ಯಾರೂ ಇನ್ನೂ ಹೇಳಿಲ್ಲವೆಂದು ನಂಬಲು ಕಷ್ಟವಾಗುತ್ತದೆ.

ಬಾವಲಿಗಳು ಹೆಚ್ಚಾಗಿ ಸಾಯುವುದು ಬಿರುಗಾಳಿಯ ರಾತ್ರಿಗಳಲ್ಲಿ ಅಲ್ಲವಂತೆ. ಜೋರು ಗಾಳಿಗೆ ಅವು ಹೊರಗೇ ಬರುವುದು ಕಡಿಮೆ. ಅವು ಹುಳ ಹಿಡಿಯಲು, ಒಂದೆಡೆಯಿಂದ ಇನ್ನೊಂದೆಡೆಗೆ ವಲಸೆ ಹೋಗಲು ಹೊರಡುವುದು ಬೆಚ್ಚಗಿನ, ಮೆಲ್ಲನೆ ಗಾಳಿಯಾಡುವ ರಾತ್ರಿಗಳಲ್ಲಿ. ಆ ಹೊತ್ತಿನಲ್ಲಿ ತಮ್ಮ ಯಂತ್ರಗಳೂ ಸೋಮಾರಿಯಾಗಿ ತಿರುಗುತ್ತಿರುತ್ತವೆ. ಕಾಳು ಹಾಕದ ಬೀಸುವ ಕಲ್ಲಿನಂತೆ ತಿರುಗಾಟ ಉಂಟು, ಹಿಟ್ಟಿಲ್ಲ. ಕೆಳಗಿನಿಂದ ನೋಡಿದರೆ ರೆಕ್ಕೆ ತೂಕಡಿಸುತ್ತಿರುವಂತೆ ಕಾಣುತ್ತದೆ, ಅದರ ತುದಿ ಮಾತ್ರ ಹೆದ್ದಾರಿಯ ಲಾರಿಗಿಂತ ಜೋರಾಗಿ ಬರುತ್ತಿರುತ್ತದೆ. ಇದಕ್ಕೆ ಮದ್ದೇನು? ವಲಸೆಯ ತಿಂಗಳುಗಳಲ್ಲಿ, ಗಾಳಿ ಒಂದು ಹದಕ್ಕೆ ಬರುವವರೆಗೆ ರಾತ್ರಿ ರೆಕ್ಕೆಗಳನ್ನು ತಿರುಗಗೊಡಬಾರದು. ಅಷ್ಟೇ. ಹೀಗೆ ಮಾಡಿ ನೋಡಿದ ಕಡೆಗಳಲ್ಲಿ ಬಾವಲಿಗಳ ಸಾವು ಅರ್ಧಕ್ಕರ್ಧ ಇಳಿದದ್ದೂ ಇದೆ, ಅದಕ್ಕಿಂತ ಹೆಚ್ಚು ಇಳಿದದ್ದೂ ಇದೆ, ವರ್ಷದ ಒಟ್ಟು ವಿದ್ಯುತ್ತಿನಲ್ಲಿ ಖೋತಾ ಆದದ್ದು ನೂರರಲ್ಲಿ ಒಂದು ಪಾಲಿನ ಆಸುಪಾಸು ಎಂದರು ಮೇಡಂ.

"ಹಾಗಾದ್ರೆ ನಿಲ್ಲಿಸಬಹುದಲ್ಲ?" ಎಂದೆ.

"ನಿಲ್ಲಿಸಬಹುದು. ಕಂಟ್ರೋಲ್ ರೂಮಲ್ಲಿ ಕೂತು ಮಾಡೋ ಕೆಲಸ."

"ಮತ್ತೆ?"

"ಮಾಡೋಕೆ ಆದೇಶ ಬೇಕು. ಆದೇಶ ಬೇಕು ಅಂದ್ರೆ ಸಾವು ಆಗಿರಬೇಕು. ಸಾವು ಸೊನ್ನೆ."

"ಈಗ ಸೊನ್ನೆ ಇಲ್ವಲ್ಲ?"

"ನೋಟೀಸಲ್ಲಿ ಮಾತ್ರ ಸಾವು. ಆದೇಶ ಕೇಳಿದ್ರೆ ಅದು ಸಾವಲ್ಲವಂತೆ. ಕಸವಂತೆ" ಎಂದು ಮೇಡಂ ಲೋಟ ಕೆಳಗಿಟ್ಟರು. ಚಿಕ್ಕಮ್ಮ ಒಬ್ಬಳೇ ನಕ್ಕಳು.

ಇನ್ನು ತಮ್ಮ ಫಲಕದ ವಿಷಯ. ಗುಡ್ಡದ ಗೇಟಿಗೆ 'ಪಕ್ಷಿಸ್ನೇಹಿ ಗಾಳಿ ಕ್ಷೇತ್ರ' ಎಂದು ಆಳೆತ್ತರದ ಅಕ್ಷರಗಳಲ್ಲಿ ಒಂದು ಬ್ಯಾನರ್ ತೂಗುತ್ತಿದೆಯಲ್ಲ, ಅದನ್ನು ಜೋಡಿಸಿದ ಕೈ ಇದೇ. "ಯಾವುದಾದರೂ ಒಂದು ಹಕ್ಕಿ ಹಾಕಪ್ಪಾ" ಎಂದು ತಮ್ಮ ಕಚೇರಿಯಿಂದ ಫೋನು ಬಂತು. ತಮ್ಮ ಕ್ಷೇತ್ರದಲ್ಲಿ ಪೂರ್ತಿ ಸುರಕ್ಷಿತವಾಗಿರಬಲ್ಲ ಹಕ್ಕಿ ಯಾವುದೆಂದು ನಾನು ಪ್ರಾಮಾಣಿಕವಾಗಿ ಯೋಚಿಸಿ ಪೆಂಗ್ವಿನ್ ಹಾಕಿದೆ. ಅದು ಹಾರುವುದಿಲ್ಲ. ಇಲ್ಲಿಗೆ ಬರುವುದೂ ಇಲ್ಲ. ನಮೂನೆ ಮೂರು ಮೇಜು ದಾಟಿ 'ಚಿತ್ರ ಚೆನ್ನಾಗಿದೆ, ಮುಂದುವರಿಯಿರಿ' ಎಂಬ ಒಪ್ಪಿಗೆಯೊಂದಿಗೆ ಮರಳಿತು. ಅಂದಿನಿಂದ ಆ ಪೆಂಗ್ವಿನ್ ಗೇಟಿನ ಮೇಲೆ ನಿಂತು ಬಂದವರಿಗೆಲ್ಲ ರೆಕ್ಕೆ ಬೀಸುತ್ತಿದೆ, ಯಾರೂ ಏನೂ ಕೇಳಿಲ್ಲ. ಹಕ್ಕಿ ಹಾರುವುದೋ ಇಲ್ಲವೋ ಎಂದು ನೋಡದವರು ಹಕ್ಕಿ ಬೀಳುವುದನ್ನು ನೋಡಿಯಾರೆಂದು ನಿರೀಕ್ಷಿಸಿದ್ದು ನನ್ನದೇ ಅತಿಯಾಸೆ.

ಹಾಗೆಂದು ತಮಗೆ ಹಕ್ಕಿಗಳ ಬಗ್ಗೆ ಏನೂ ತಿಳಿಯದೆಂದರೆ ನಾಲಿಗೆ ಸೀಳಿಹೋದೀತು. ಕಳೆದ ವಾರ ಚಿಕ್ಕಮ್ಮನನ್ನು ಕರೆದುಕೊಂಡು ತಮ್ಮ ಕೊಠಡಿಗೆ ಬಂದಿದ್ದೆನಲ್ಲ, ಆಗ ಎರಡು ವಸ್ತು ಕಣ್ಣಿಗೆ ಬಿದ್ದವು. ಒಂದು, ತಮ್ಮ ಮೇಜಿನ ಮೇಲಿನ ಪುಟ್ಟ ಫ್ಯಾನು. ಅದರ ರೆಕ್ಕೆಗೆ ಯಾರ ಬೆರಳೂ ತಾಗದಂತೆ ಸುತ್ತ ಜಾಲರಿ. ಇನ್ನೊಂದು, ಕಿಟಕಿಯ ದೊಡ್ಡ ಗಾಜಿನ ಮೇಲೆ ಅಂಟಿಸಿದ ಕಪ್ಪು ಗಿಡುಗದ ಸ್ಟಿಕ್ಕರ್. ಅದೂ ನಮ್ಮ ಅಂಗಡಿಯದೇ. ಮೀಟಿಂಗಿನ ನಡುವೆ ಒಂದು ಹಕ್ಕಿ ಗಾಜಿಗೆ ಡಿಕ್ಕಿ ಹೊಡೆದು ಸದ್ದು ಮಾಡಿತೆಂದು ತುರ್ತಾಗಿ ತರಿಸಿಕೊಂಡಿದ್ದಿರಿ. ಬೆಳಿಗ್ಗೆ ಹೇಳಿ ಸಂಜೆಗೆ ಅಂಟಿಸಿದ್ದಾಯಿತು. ಅಂದರೆ ಹಕ್ಕಿಗೆ ಎದುರಿಗಿರುವುದು ಕಂಡರೆ ಅದು ತಾನೇ ಪಕ್ಕಕ್ಕೆ ಸರಿಯುತ್ತದೆ ಎಂಬ ಶಾಸ್ತ್ರ ತಮಗೆ ಗೊತ್ತು, ಒಂದೇ ದಿನದಲ್ಲಿ ಜಾರಿಗೆ ತರಲೂ ಗೊತ್ತು. ಯಂತ್ರದ ಮೂರು ಬಿಳಿ ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದರೆ ತಿರುಗುವಾಗ ಹಕ್ಕಿಯ ಕಣ್ಣಿಗೆ ಅದು ಎದ್ದು ಕಾಣಬಹುದು, ಬಳಿದು ನೋಡಿದ ಕಡೆ ಹದ್ದುಗಳ ಸಾವು ಇಳಿದದ್ದುಂಟು, ಆದರೆ ಇನ್ನೂ ಬೇರೆ ಬೇರೆ ಕಡೆ ಪರೀಕ್ಷಿಸಿ ನೋಡಬೇಕು ಎಂದು ಮೇಡಂ ಹೇಳಿದ್ದರು. ಇದನ್ನೇ ನಾನು ತಮ್ಮ ಮುಂದೆ ಅರಿಕೆ ಮಾಡಿಕೊಂಡಾಗ ತಾವು ಕನ್ನಡಕ ತೆಗೆದು ಒರೆಸುತ್ತ ಹೇಳಿದ ಮಾತು ನೆನಪಿರಬಹುದು.

"ನೋಡಪ್ಪಾ, ಫ್ಯಾನಿಗಿಂತ ಬೆಕ್ಕುಗಳು ಜಾಸ್ತಿ ಹಕ್ಕಿ ಕೊಲ್ತವೆ. ಹೋಗಿ ಬೆಕ್ಕಿಗೆ ಅರ್ಜಿ ಬರಿ."

ಚಿಕ್ಕಮ್ಮ ಕುರ್ಚಿಯ ತುದಿಯಿಂದ ಮುಂದಕ್ಕೆ ಬಾಗಿದಳು. "ಅಷ್ಟು ಮೇಲಕ್ಕೆ ಬೆಕ್ಕು ಹತ್ತಲ್ಲ ಸಾರ್" ಎಂದಳು.

ಅವಳು ವಾದ ಮಾಡಲಿಲ್ಲ ಮಾನ್ಯರೇ, ತಿಳಿದದ್ದನ್ನು ಹೇಳಿದಳು. ತಾವು ಗಂಟೆ ಒತ್ತಿ ನಮ್ಮನ್ನು ಹೊರಗೆ ಕಳಿಸಿದಿರಿ. ಬೆಕ್ಕುಗಳ ವಿಷಯ ನಿಜವಿರಬಹುದು. ನಮ್ಮ ಅಂಗಡಿಯ ಬೆಕ್ಕನ್ನು ವಿಚಾರಿಸಿದೆ, ಅಪರಾಧ ಒಪ್ಪಿಕೊಂಡಂತೆಯೇ ಕಂಡಿತು. ಆದರೆ ಅದು ಗುಬ್ಬಿ ಹಿಡಿಯುತ್ತದೆ, ಗಿಡುಗವನ್ನು ಎರಡು ತುಂಡು ಮಾಡುವುದಿಲ್ಲ. ತನ್ನ ಕೊರಳಿಗೆ 'ಪಕ್ಷಿಸ್ನೇಹಿ' ಎಂದು ಬ್ಯಾನರ್ ಕಟ್ಟಿಕೊಂಡಿಲ್ಲ. ಮುಖ್ಯವಾಗಿ, ತಿಂದ ಪುಕ್ಕವನ್ನು ಯಾರೂ ಗುಡಿಸಲಿಲ್ಲವೆಂದು ಯಾರಿಗೂ ನೋಟೀಸು ಕಳಿಸಿಲ್ಲ. ಪಕ್ಕದ ಮನೆಯವನು ಹೆಚ್ಚು ಕದಿಯುತ್ತಾನೆಂಬುದು ಯಾವ ನ್ಯಾಯಾಲಯದಲ್ಲಿ ನಮ್ಮ ಬಿಡುಗಡೆಗೆ ಕಾರಣವಾಗುತ್ತದೆ? ಮೇಲಾಗಿ ಹದ್ದು ಒಂದೋ ಎರಡೋ ಮರಿ ಮಾಡಿ ವರ್ಷಗಟ್ಟಲೆ ಬದುಕುವ ಜೀವ. ತಾಯಿ ಬಾವಲಿ ಸಾಮಾನ್ಯವಾಗಿ ವರ್ಷಕ್ಕೊಂದೇ ಮರಿ ಹಾಕುತ್ತದಂತೆ. ಹೋದದ್ದನ್ನು ತುಂಬಿಕೊಳ್ಳಲು ಅವಕ್ಕೆ ಇಲಿಗಳ ವೇಗವಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ, ಇಲ್ಲದಿದ್ದರೆ ನಾಳೆ ತಮ್ಮ ಕಚೇರಿ 'ಗಾಳಿ ವಿದ್ಯುತ್ತಿನ ವೈರಿ' ಎಂದು ನನಗೊಂದು ಬಿರುದು ಕೊಟ್ಟೀತು. ಬಿರುದು ಹಂಚುವುದು ನನ್ನ ಕಸುಬು, ತಮ್ಮದಲ್ಲ. ನನಗೆ ಗಾಳಿಯಂತ್ರಗಳು ಇಷ್ಟ. ನಮ್ಮ ಮುದ್ರಣ ಯಂತ್ರ ಓಡುವುದೂ ಅವುಗಳಿಂದಲೇ. ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವ, ಹೊಗೆ ಕಾರುವ ಚಿಮಣಿಗಳಿದ್ದ ಕಾಲದಲ್ಲಿ ಚಿಕ್ಕಮ್ಮ ಬೆಳಿಗ್ಗೆ ಗುಡಿಸುತ್ತಿದ್ದುದು ಮನೆಯಂಗಳದ ಮಸಿಯನ್ನು. ಆ ಹೊಗೆ ಎಷ್ಟು ಹಕ್ಕಿಗಳನ್ನು, ಎಷ್ಟು ಮನುಷ್ಯರನ್ನು ತಿಂದಿತೆಂದು ಎಣಿಸಿದವರಿಲ್ಲ. ಆದ್ದರಿಂದಲೇ ಕೇಳುತ್ತಿದ್ದೇನೆ. ಕೆಟ್ಟದ್ದನ್ನು ಸರಿಮಾಡಿ ಎಂದು ಯಾರೂ ಪತ್ರ ಬರೆಯುವುದಿಲ್ಲ, ಒಳ್ಳೆಯದನ್ನು ಇನ್ನಷ್ಟು ನೆಟ್ಟಗೆ ಮಾಡಿ ಎಂದೇ ಬರೆಯುವುದು. 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಯನ್ನು ತಮ್ಮ ಕಚೇರಿ ತಲೆಯ ಮೇಲೆ ಹೊತ್ತು ನಡೆಸಿದೆ. ಕಣದಲ್ಲಿ ತೂರುವವನು ಹೊಟ್ಟಿನ ಜೊತೆ ಕಾಳನ್ನೂ ಗಾಳಿಪಾಲು ಮಾಡುವುದಿಲ್ಲ ಎಂಬುದನ್ನು ಮಾತ್ರ ಯಾರೋ ಹೇಳಲು ಮರೆತಿದ್ದಾರೆ.

ಇದಕ್ಕೂ ಮೊದಲು ತಮ್ಮ ಕಚೇರಿಗೆ 'ರಾತ್ರಿಪಾಳಿ ಹಾರಾಟಗಾರರ ಸಂಘ'ದ ಹೆಸರಿನಲ್ಲಿ ಒಂದು ಮನವಿ ಬಂದಿತ್ತು, ಬಾವಲಿಗಳ ಪರವಾಗಿ ಅದನ್ನು ಬರೆದ ಕೈಯೂ ಇದೇ. ಮಂದ ಗಾಳಿಯ ರಾತ್ರಿಗಳಲ್ಲಿ ಸದಸ್ಯರು ಕೆಲಸಕ್ಕೆ ಹೋಗಿಬರಲು ದಾರಿ ಬಿಡಬೇಕೆಂದು ಅದರ ಒಕ್ಕಣೆ. ಅದು ತಮಾಷೆಯೆಂದು ತಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. 'ಸಂಘದ ಪದಾಧಿಕಾರಿಗಳು ಗುರುತಿನ ಚೀಟಿಯೊಂದಿಗೆ ಕಚೇರಿ ವೇಳೆಯಲ್ಲಿ ಖುದ್ದಾಗಿ ಹಾಜರಾಗತಕ್ಕದ್ದು' ಎಂದು ಮೊಹರು ಒತ್ತಿ ಉತ್ತರ ಬಂತು. ಮಾನ್ಯರೇ, ಅವು ಕಚೇರಿ ವೇಳೆಯಲ್ಲಿ ತಲೆಕೆಳಗಾಗಿ ನಿದ್ದೆ ಮಾಡುತ್ತಿರುತ್ತವೆ. ಆ ಒಂದು ವಿಷಯದಲ್ಲಾದರೂ ತಮ್ಮ ಸಿಬ್ಬಂದಿಗೂ ಅವಕ್ಕೂ ಸ್ನೇಹ ಬೆಳೆಯಬಹುದಿತ್ತು.

ಈಗ ಬೇಡಿಕೆ. ಮೊದಲನೆಯದಾಗಿ, ಎಲ್ಲಕ್ಕಿಂತ ಮೊದಲನೆಯದಾಗಿ, ಚಿಕ್ಕಮ್ಮನ ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ಈ ವಾರ ಮುಗಿದರೆ ಅವಳಿಗೆ ಕೆಲಸವಿಲ್ಲ. ಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ಅವಳಿಗಿರುವ ಕಿಟಕಿಯ ಸೀಟು, ಜೊತೆಯ ಹೆಂಗಸರ ಹರಟೆ, 'ನನ್ನ ದುಡಿಮೆ' ಎಂದು ಹೇಳುವಾಗ ಅವಳ ಗಲ್ಲ ಸ್ವಲ್ಪ ಮೇಲೇರುವುದು, ಇವೆಲ್ಲ ಅದರೊಂದಿಗೆ ಹೋಗುತ್ತವೆ. ಆಮೇಲೆ, ಮೊದಲು ಎಣಿಕೆ, ನಂತರ ಪೊರಕೆ ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಅದಕ್ಕೆ ಸಮಿತಿ ಬೇಡ, ಗಡಿಯಾರ ಸಾಕು. ಬಾವಲಿಗಳು ದಾರಿ ಹಿಡಿಯುವ ತಿಂಗಳುಗಳಲ್ಲಿ ಮಂದ ಗಾಳಿಗೆ ರಾತ್ರಿ ರೆಕ್ಕೆ ತಿರುಗಿಸಬೇಡಿ. ಹದ್ದುಗಳು ಸುತ್ತುವ ಗುಡ್ಡದ ನೆತ್ತಿಯ ಮೇಲಿನ ಯಂತ್ರಗಳಿಗೆ ಒಂದು ರೆಕ್ಕೆ ಕಪ್ಪು ಬಳಿದು ಒಂದು ವರ್ಷ ನೋಡಿ, ಗುಣ ಕಾಣದಿದ್ದರೆ ಬಿಳಿ ಬಣ್ಣ ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದಿನ ಕಂಬಗಳನ್ನು ಕೆರೆಯ ಕಡೆಯ ಕಣಿವೆಯಲ್ಲಿ ನೆಡುವ ಯೋಚನೆಯಿದೆಯೆಂದು ಕೇಳಿದೆ. ಹಕ್ಕಿಗಳ ಹೆದ್ದಾರಿಯೇ ಅದು. ನೆಡುವ ಮುಂಚೆ ಮೇಡಂ ಒಬ್ಬರನ್ನಾದರೂ ಕೇಳಿ, ಬ್ಯಾನರ್ ಅಂಗಡಿಯನ್ನು ಆಮೇಲೆ ಕೇಳಿದರೂ ಆದೀತು.

ಇಷ್ಟು ಮಾಡಿದರೆ ತಮ್ಮ ಹೆಸರಿನ ಹಿಂದೆ ಹಾಕಲು ಎಂಥ ಬಿರುದನ್ನು ಬೇಕಾದರೂ ನಾನು ಹೊಸೆದು ಕೊಡಬಲ್ಲೆ, ಅದೂ ಮನಸಾರೆ. ಮಾಡದಿದ್ದರೆ ಈ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ತಮ್ಮ ಕಚೇರಿಯ ಎದುರಿನ ಗೋಡೆಗೆ ತೂಗುಹಾಕುತ್ತೇನೆ. ಚಿತ್ರ ಯಾವುದೆಂದು ನಾನೇ ಆರಿಸುತ್ತೇನೆ.

ಇಂತಿ,
ತಮ್ಮ ಪಾದಧೂಳಿಯನ್ನು ಈ ವಾರಾಂತ್ಯದವರೆಗೆ ಗುಡಿಸಲಿರುವವಳ ಅಕ್ಕನ ಮಗ,
ಗಾಳಿ ಗುದ್ದಿ ಮೈ ನೋಯಿಸಿಕೊಂಡವನು

ತಿಳಿಸಲೇಬೇಕಾದ ಒಂದು ಮಾತು: ಚಿಕ್ಕಮ್ಮ ನನ್ನನ್ನು ಬರೆಯಲು ಕೂರಿಸಿದ್ದು ಈ ಪತ್ರಕ್ಕಲ್ಲ. "ತಪ್ಪಾಯ್ತು, ಇನ್ಮೇಲೆ ಒಂದೂ ಬಿಡದ ಹಾಗೆ ಗುಡಿಸ್ತೀನಿ, ಕೆಲಸ ಮಾತ್ರ ತೆಗೀಬೇಡಿ ಅಂತ ನಾಲ್ಕು ಸಾಲು ಬರ್ಕೊಡೋ. ನಿನ್ನ ತಲೆಹರಟೆ ಸೇರಿಸ್ಬೇಡ" ಎಂದಿದ್ದಳು. ಅದನ್ನೂ ಬರೆದಿದ್ದೇನೆ. ಅವಳ ರುಜು ಆಗಿದೆ. ತಮ್ಮ ಕೈಗೆ ಬರುವ ಪ್ರತಿಯ ಹಿಂದೆ ಪಿನ್ ಮಾಡಿದ್ದೇನೆ. ಇಷ್ಟೂ ಓದಿ ತಮಗೆ ಕೋಪ ಬಂದಿದ್ದರೆ ದಯವಿಟ್ಟು ಆ ಹಾಳೆಯನ್ನು ಓದಿ, ಇದನ್ನು ಹರಿದು ಹಾಕಿ. ಅದರಲ್ಲಿ ತಲೆಹರಟೆ ಒಂದಕ್ಷರವೂ ಇಲ್ಲ. ನಾನೇ ಎರಡೆರಡು ಸಲ ಓದಿ ನೋಡಿದ್ದೇನೆ.